ಟೆಸ್ಟರ್ ಒಮ್ಮೆ ಮಂದವಾಗಿ, ಒಮ್ಮೆ ಪ್ರಖರವಾಗಿ ಉರಿಯುತ್ತಿದೆ: ಇದು ಲೀಕೇಜೋ, ಇಂಡಕ್ಷನ್ನೋ?

ಪ್ರಶ್ನೆ

ನಮಸ್ಕಾರ. ಎರಡು ವಾರಗಳಿಂದ ನಮ್ಮ ಮನೆಯಲ್ಲಿ ಕಾಣಿಸಿಕೊಂಡಿರುವ ಒಂದು ತೊಂದರೆಯನ್ನು ವಿವರವಾಗಿ ಬರೆಯುತ್ತಿದ್ದೇನೆ. ತಿಳಿದವರು ದಯವಿಟ್ಟು ಪರಿಹಾರ ಸೂಚಿಸಬೇಕು.

ಕಂಪ್ಯೂಟರಿನ ಲೋಹದ ಕ್ಯಾಬಿನೆಟ್ಟಿಗೆ ಬರಿಗಾಲಿನಲ್ಲಿ ನಿಂತು ಕೈಯ ಹಿಂಭಾಗವನ್ನು ತಾಗಿಸಿದರೆ ಇರುವೆ ಹರಿದಂತೆ ಜುಮ್ಮೆನ್ನುತ್ತದೆ. ಸ್ನಾನದ ಕೋಣೆಯಲ್ಲಿ ಬಿಸಿನೀರಿನ ನಲ್ಲಿಯನ್ನು ಒದ್ದೆ ಕೈಯಲ್ಲಿ ಮುಟ್ಟಿದಾಗಲೂ ಒಮ್ಮೊಮ್ಮೆ ಅದೇ ಅನುಭವವಾಗುತ್ತದೆ. ನನ್ನ ಬಳಿ ಸ್ಕ್ರೂಡ್ರೈವರ್ ರೂಪದ ನಿಯಾನ್ ಟೆಸ್ಟರ್ ಮತ್ತು ಒಂದು ಡಿಜಿಟಲ್ ಮಲ್ಟಿಮೀಟರ್ ಇವೆ. ಟೆಸ್ಟರನ್ನು ಕ್ಯಾಬಿನೆಟ್ಟಿಗೆ ಇಟ್ಟು ನೋಡಿದಾಗ ಮೂರು ಬಗೆಯ ಫಲಿತಾಂಶ ಸಿಗುತ್ತಿದೆ. ಗೀಸರಿನ ಸ್ವಿಚ್ ಆಫ್ ಆಗಿದ್ದರೆ ಟೆಸ್ಟರ್ ಮಂದವಾಗಿ ಉರಿಯುತ್ತದೆ. ಗೀಸರ್ ಆನ್ ಆಗಿ ನೀರು ಕಾಯುತ್ತಿರುವಾಗ ಅದೇ ಟೆಸ್ಟರ್ ಪ್ರಖರವಾಗಿ ಉರಿಯುತ್ತದೆ. ನೀರು ಕಾದು ಗೀಸರಿನ ಕೆಂಪು ದೀಪ ಆರಿದ ಕೂಡಲೇ ಟೆಸ್ಟರ್ ಪೂರ್ತಿ ಆರಿಹೋಗುತ್ತದೆ. ಕಂಪ್ಯೂಟರ್ ಒಂದು ಕೋಣೆಯಲ್ಲಿದೆ, ಗೀಸರ್ ಇನ್ನೊಂದು ಕೋಣೆಯಲ್ಲಿದೆ. ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ ಎಂಬುದೇ ನನಗೆ ಅರ್ಥವಾಗುತ್ತಿಲ್ಲ.

ಅರ್ತ್ ಸರಿಯಿದೆ ಎಂದೇ ನಾನು ಭಾವಿಸಿದ್ದೇನೆ. ಅದಕ್ಕೆ ಎರಡು ಕಾರಣಗಳಿವೆ. ಕ್ಯಾಬಿನೆಟ್ಟಿಗೂ ಪ್ಲಗ್ ಪಾಯಿಂಟಿನ ಅರ್ತ್ ರಂಧ್ರಕ್ಕೂ ನಡುವೆ ಮಲ್ಟಿಮೀಟರ್ ಸೊನ್ನೆ ವೋಲ್ಟ್ ತೋರಿಸುತ್ತದೆ. ಮೀಟರ್ ಬೋರ್ಡಿನಲ್ಲಿರುವ, ಕರೆಂಟು ಸೋರಿದರೆ ತಾನಾಗಿ ಸಂಪರ್ಕ ಕಡಿಯುವ, 30 ಮಿಲಿಆಂಪಿಯರಿನ ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ಒತ್ತಿದರೆ ಅದು ತಕ್ಷಣ ಟ್ರಿಪ್ ಆಗುತ್ತದೆ. ಬಂದು ನೋಡಿದ ಒಬ್ಬ ವೈರ್‌ಮನ್, "ಇದು ಬರೀ ಇಂಡಕ್ಷನ್, ಹೆದರಬೇಡಿ" ಎಂದು ಹೇಳಿ ಹೋದರು. ಆದರೆ ಮನೆಯಲ್ಲಿ ಚಿಕ್ಕ ಮಕ್ಕಳಿರುವುದರಿಂದ ಆ ಮಾತಿನಿಂದ ನನಗೆ ಸಮಾಧಾನವಾಗಲಿಲ್ಲ. ಇದು ನಿಜವಾದ ಲೀಕೇಜೋ, ಅಂದರೆ ಕರೆಂಟಿನ ಸೋರಿಕೆಯೋ, ಅಲ್ಲವೋ ಎಂಬುದನ್ನು ಇಂತಹ ಸರಳ ಸಾಧನಗಳಿಂದ ಖಚಿತಪಡಿಸಿಕೊಳ್ಳಲು ಸಾಧ್ಯವೇ?

ಉತ್ತರ 1

ಮೊದಲು ಮಾಡಬೇಕಾದ ಕೆಲಸವನ್ನು ಹೇಳಿಬಿಡುತ್ತೇನೆ, ಕಾರಣಗಳನ್ನು ಆಮೇಲೆ ನೋಡೋಣ. ಈ ತೊಂದರೆಯ ಮೂಲ ಸಿಗುವ ತನಕ ಗೀಸರನ್ನು ಬಳಸಬೇಡಿ. ಬಳಸಲೇಬೇಕಾದರೆ ನೀರು ಕಾದ ಬಳಿಕ ಸ್ವಿಚ್ ಆಫ್ ಮಾಡಿಯೇ ಸ್ನಾನದ ಕೋಣೆಗೆ ಹೋಗಿ ಎನ್ನುವ ಸಲಹೆಯನ್ನೂ ನಾನು ಕೊಡುವುದಿಲ್ಲ, ಏಕೆಂದರೆ ಒಂದು ದಿನ ಯಾರಾದರೂ ಮರೆತೇ ಮರೆಯುತ್ತಾರೆ. ಬೋರ್ಡಿನಲ್ಲಿ ಗೀಸರಿಗಿರುವ ಎಂಸಿಬಿ ಎಂಬ ಸ್ವಿಚ್ಚನ್ನೇ ಇಳಿಸಿ, ಮಕ್ಕಳಿಗೆ ಎಟುಕದಂತೆ ನೋಡಿಕೊಳ್ಳಿ.

ನಿಯಾನ್ ಟೆಸ್ಟರ್ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ತಿಳಿದುಕೊಂಡರೆ ನಿಮ್ಮ ಗೊಂದಲದ ಅರ್ಧ ಭಾಗ ಕಳೆಯುತ್ತದೆ. ಆ ಹಿಡಿಕೆಯೊಳಗೆ ಒಂದು ಚಿಕ್ಕ ನಿಯಾನ್ ದೀಪ, ಅದಕ್ಕೆ ಸರಣಿಯಲ್ಲಿ ಸುಮಾರು 10 ಲಕ್ಷ ಓಮ್‌ನಷ್ಟು ಪ್ರತಿರೋಧ, ಒಂದು ಸ್ಪ್ರಿಂಗ್ ಮತ್ತು ತುದಿಯಲ್ಲಿ ಬೆರಳಿಡುವ ಲೋಹದ ಟೋಪಿ ಇರುತ್ತವೆ. ಅಲಗು ಫೇಸಿಗೆ, ಅಂದರೆ ಕರೆಂಟು ಬರುವ ವೈರಿಗೆ, ತಾಗಿದಾಗ ಕರೆಂಟು ದೀಪ, ಪ್ರತಿರೋಧ, ನಿಮ್ಮ ಬೆರಳು, ನಿಮ್ಮ ದೇಹ ಮತ್ತು ನೆಲ ಎಂಬ ಹಾದಿಯಲ್ಲಿ ಹರಿಯುತ್ತದೆ. 230 ವೋಲ್ಟಿಗೆ 10 ಲಕ್ಷ ಓಮ್ ಅಡ್ಡ ಬಂದರೆ ಹರಿಯುವ ಕರೆಂಟು ಕಾಲು ಮಿಲಿಆಂಪಿಯರನ್ನೂ ಮುಟ್ಟುವುದಿಲ್ಲ, ಆದ್ದರಿಂದಲೇ ಅದು ನಮಗೆ ಗೊತ್ತಾಗುವುದಿಲ್ಲ. ನೀವು ರಬ್ಬರ್ ಚಪ್ಪಲಿ ಹಾಕಿಕೊಂಡಿದ್ದರೂ ದೀಪ ಮಂದವಾಗಿ ಉರಿಯುತ್ತದೆ, ಏಕೆಂದರೆ ನಿಮ್ಮ ದೇಹ ಮತ್ತು ನೆಲ ಸೇರಿ ಒಂದು ಸಣ್ಣ ಕೆಪಾಸಿಟರಿನಂತೆ ವರ್ತಿಸುತ್ತವೆ ಮತ್ತು ಎಸಿ ಕರೆಂಟು ಅಲ್ಪ ಪ್ರಮಾಣದಲ್ಲಿ ಅದರ ಮೂಲಕವೂ ಸಾಗುತ್ತದೆ. ನಿಯಾನ್ ಹೊತ್ತಿಕೊಳ್ಳಲು ಅದರ ಎರಡು ತುದಿಗಳ ನಡುವೆ ಸುಮಾರು 60ರಿಂದ 90 ವೋಲ್ಟ್ ಬೇಕು. ಅದು ಸಿಕ್ಕಿತೆಂದರೆ ಕೆಲವೇ ಮೈಕ್ರೋಆಂಪಿಯರ್ ಕರೆಂಟಿಗೂ ಅದು ಬೆಳಗುತ್ತದೆ.

ಇಲ್ಲಿಯೇ ವಿಷಯದ ಮರ್ಮವಿದೆ. ಟೆಸ್ಟರ್ ಉರಿದರೆ ನಿಮ್ಮ ದೇಹಕ್ಕೆ ಹೋಲಿಸಿದಾಗ ಆ ಜಾಗದಲ್ಲಿ ಗಣನೀಯ ವೋಲ್ಟೇಜ್ ಇದೆ ಎಂದಷ್ಟೇ ತಿಳಿಯುತ್ತದೆ. ಆ ವೋಲ್ಟೇಜಿನ ಹಿಂದೆ ಎಷ್ಟು ಕರೆಂಟು ಹರಿಯಲು ಸಿದ್ಧವಾಗಿದೆ ಎಂಬುದು ಅದರಿಂದ ತಿಳಿಯುವುದಿಲ್ಲ. ಕೈಗೆ ಜುಮ್ಮೆನಿಸಿ ಸುಮ್ಮನಾಗುವ ಮೂಲಕ್ಕೂ ಪ್ರಾಣ ತೆಗೆಯಬಲ್ಲ ಮೂಲಕ್ಕೂ ಟೆಸ್ಟರಿನಲ್ಲಿ ಕಾಣುವುದು ಒಂದೇ ಕೆಂಪು ಬೆಳಕು.

ಅದು ಉರಿಯದಿದ್ದರೆ ಕರೆಂಟಿಲ್ಲ ಎಂದು ನಂಬುವುದಂತೂ ಇನ್ನೂ ದೊಡ್ಡ ಅಪಾಯ. ಒಣ ಮರದ ಏಣಿಯ ಮೇಲೆ ನಿಂತಿದ್ದರೆ, ಬಿಸಿಲಿನಲ್ಲಿ ಬೆಳಕು ಕಾಣದಿದ್ದರೆ, ಒಳಗಿನ ಸ್ಪ್ರಿಂಗ್ ಸಡಿಲವಾಗಿದ್ದರೆ ಜೀವಂತ ವೈರಿನ ಮೇಲೂ ಟೆಸ್ಟರ್ ಆರಿಯೇ ಇರುತ್ತದೆ. ಅದನ್ನು ಸ್ಕ್ರೂ ಬಿಚ್ಚಲು ಬಲವಾಗಿ ತಿರುಗಿಸಿ ಒಳಗಿನ ಪ್ರತಿರೋಧವನ್ನು ಬಿರುಕು ಬಿಡಿಸಿಕೊಂಡವರನ್ನು ನಾನು ಬಹಳ ನೋಡಿದ್ದೇನೆ. ಒಳಗೆ ನೀರಿನ ಪಸೆ ಹೊಕ್ಕ ಟೆಸ್ಟರನ್ನು ಮುಟ್ಟಲೂಬಾರದು. ಆದ್ದರಿಂದ ಕರೆಂಟಿದೆಯೆಂದು ಖಚಿತವಾಗಿ ಗೊತ್ತಿರುವ ಪಾಯಿಂಟಿನಲ್ಲಿ ಮೊದಲು ಟೆಸ್ಟರನ್ನು ಪರೀಕ್ಷಿಸಿ, ಆಮೇಲೆ ಬೇಕಾದ ಜಾಗವನ್ನು ನೋಡಿ, ಮತ್ತೆ ಮೊದಲಿನ ಪಾಯಿಂಟಿಗೇ ಬಂದು ಟೆಸ್ಟರ್ ಇನ್ನೂ ಸರಿಯಿದೆಯೇ ಎಂದು ನೋಡುವ ಪದ್ಧತಿಯನ್ನು ಬಿಡಬೇಡಿ. ತಾಗಿಸದೆಯೇ ಬೀಪ್ ಎನ್ನುವ ಪೆನ್ ಮಾದರಿಯ ಟೆಸ್ಟರುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಪಕ್ಕದ ವೈರಿನ ಪ್ರಭಾವಕ್ಕೂ ಅವು ಕೂಗುತ್ತವೆ, ಲೋಹದ ಕವಚದೊಳಗಿನ ಜೀವಂತ ವೈರಿನ ಮುಂದೆ ಮೌನವಾಗಿರುತ್ತವೆ.

ಟೆಸ್ಟರ್ ನಿಜಕ್ಕೂ ಚೆನ್ನಾಗಿ ಹಿಡಿದುಕೊಡುವ ದೋಷವೊಂದಿದೆ, ನಿಮ್ಮ ಮನೆಯಲ್ಲಿ ಅದು ಇಲ್ಲವೆಂದು ಈಗಲೇ ಖಚಿತಪಡಿಸಿಕೊಳ್ಳಿ. ಒಂದು ಪ್ಲಗ್ ಪಾಯಿಂಟಿನ ಎರಡೂ ರಂಧ್ರಗಳಲ್ಲಿ ಟೆಸ್ಟರ್ ಉರಿದರೆ, ಆದರೆ ಅಲ್ಲಿ ಯಾವ ಉಪಕರಣವೂ ನಡೆಯದಿದ್ದರೆ, ನ್ಯೂಟ್ರಲ್, ಅಂದರೆ ಕರೆಂಟು ಮರಳುವ ವೈರು, ಎಲ್ಲೋ ತುಂಡಾಗಿದೆ ಎಂದರ್ಥ. ಆ ಸಾಲಿನಲ್ಲಿ ಆನ್ ಆಗಿರುವ ಬಲ್ಬು ಅಥವಾ ಫ್ಯಾನಿನ ಮೂಲಕ ಫೇಸ್ ಹಾದು ಬಂದು ತುಂಡಾದ ನ್ಯೂಟ್ರಲಿನಲ್ಲಿ ನಿಂತಿರುತ್ತದೆ. ಎಲ್ಲ ಸ್ವಿಚ್ಚುಗಳನ್ನು ಆಫ್ ಮಾಡಿದಾಗ ಎರಡನೆಯ ರಂಧ್ರದ ಬೆಳಕು ಆರಿದರೆ ಸಂಶಯವೇ ಉಳಿಯುವುದಿಲ್ಲ.

ಉತ್ತರ 2

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ. ಅಳತೆಯ ಕುರಿತು ನಾನು ಸ್ವಲ್ಪ ಹೆಚ್ಚು ಬರೆಯುತ್ತೇನೆ, ಏಕೆಂದರೆ ಪ್ರಶ್ನೆ ಕೇಳಿದವರು ಅರ್ತ್ ಸರಿಯಿದೆ ಎನ್ನಲು ಕೊಟ್ಟಿರುವ ಎರಡು ಕಾರಣಗಳೂ ಅರ್ತ್ ಸರಿಯಿದೆ ಎಂದು ಸಾಬೀತುಪಡಿಸುವುದಿಲ್ಲ.

ಕ್ಯಾಬಿನೆಟ್ಟಿಗೂ ಅರ್ತ್ ರಂಧ್ರಕ್ಕೂ ನಡುವೆ ಸೊನ್ನೆ ವೋಲ್ಟ್ ಬರುವುದು ಸಹಜ, ಏಕೆಂದರೆ ಮೂರು ಪಿನ್ನಿನ ಪ್ಲಗ್ಗಿನ ಮೂಲಕ ಅವೆರಡೂ ಒಂದೇ ವೈರಿಗೆ ಸೇರಿವೆ. ಆ ವೈರು ಭೂಮಿಯವರೆಗೆ ತಲುಪಿದೆಯೋ, ಗೋಡೆಯೊಳಗೆ ಎಲ್ಲೋ ತುಂಡಾಗಿ ನಿಂತಿದೆಯೋ ಎಂಬುದನ್ನು ಆ ಸೊನ್ನೆ ಹೇಳುವುದಿಲ್ಲ. ಇನ್ನು ಆರ್‌ಸಿಸಿಬಿಯ ಟೆಸ್ಟ್ ಗುಂಡಿಯ ವಿಚಾರ. ಗುಂಡಿಯನ್ನು ಒತ್ತಿದಾಗ ಆ ಸಾಧನದ ಒಳಗಿರುವ ಒಂದು ಪ್ರತಿರೋಧದ ಮೂಲಕ ಸ್ವಲ್ಪ ಕರೆಂಟು ಸಂವೇದಕದ ಹೊರಗಿನಿಂದ ಹಾಯುತ್ತದೆ, ಒಳಗೆ ಅಸಮತೋಲನ ಉಂಟಾಗಿ ಅದು ಟ್ರಿಪ್ ಆಗುತ್ತದೆ. ಇದಕ್ಕೆ ಅರ್ತ್ ವೈರು ಬೇಕಾಗಿಯೇ ಇಲ್ಲ. ಅರ್ತ್ ಸಂಪೂರ್ಣವಾಗಿ ಇಲ್ಲದ ಮನೆಯಲ್ಲೂ ಟೆಸ್ಟ್ ಗುಂಡಿ ಕೆಲಸ ಮಾಡುತ್ತದೆ. ಸಾಧನದ ಯಂತ್ರಭಾಗ ಜಡ್ಡುಗಟ್ಟಿಲ್ಲ ಎಂದು ತಿಳಿಯಲು ಅದನ್ನು ಆಗಾಗ ಒತ್ತಲೇಬೇಕು, ಆದರೆ ಅದು ಅರ್ತಿಂಗಿನ ಪರೀಕ್ಷೆ ಅಲ್ಲ.

ಕ್ಯಾಬಿನೆಟ್ಟಿಗೂ ನ್ಯೂಟ್ರಲಿಗೂ ನಡುವೆ ಎಷ್ಟು ವೋಲ್ಟ್ ಬರುತ್ತದೆ ಎಂದು ನೋಡಿ. ಗೀಸರ್ ಆಫ್ ಆಗಿರುವಾಗ ಸುಮಾರು 110ರಿಂದ 115 ವೋಲ್ಟ್ ಬಂದರೆ ಅದಕ್ಕೆ ಕಾರಣ ಬಹುತೇಕ ಗೊತ್ತಿರುವಂಥದ್ದೇ. ಕಂಪ್ಯೂಟರಿನ ಪವರ್ ಸಪ್ಲೈಯೊಳಗೆ ವಿದ್ಯುತ್ ಗದ್ದಲವನ್ನು ತಡೆಯಲು ಫೇಸಿನಿಂದ ಕವಚಕ್ಕೆ ಒಂದು, ನ್ಯೂಟ್ರಲಿನಿಂದ ಕವಚಕ್ಕೆ ಇನ್ನೊಂದು ಸಣ್ಣ ಕೆಪಾಸಿಟರ್ ಇರುತ್ತವೆ. ಅರ್ತ್ ಇದ್ದರೆ ಅವುಗಳ ಮೂಲಕ ಬರುವ ಅಲ್ಪ ಕರೆಂಟು ಭೂಮಿಗೆ ಹೋಗುತ್ತದೆ. ಅರ್ತ್ ಇಲ್ಲದಿದ್ದರೆ ಕವಚವು ಎರಡರ ಮಧ್ಯದಲ್ಲಿ, ಅಂದರೆ 230ರ ಅರ್ಧದಷ್ಟು ವೋಲ್ಟೇಜಿನಲ್ಲಿ ತೇಲುತ್ತದೆ. ತಲಾ 2.2 ನ್ಯಾನೋಫ್ಯಾರಡ್ ಎಂದು ಹಿಡಿದರೆ ಮುಟ್ಟಿದವರ ಮೂಲಕ ಹರಿಯಬಲ್ಲ ಕರೆಂಟು ಸುಮಾರು 0.16 ಮಿಲಿಆಂಪಿಯರ್ ಮಾತ್ರ. ಜನ ಸಾಮಾನ್ಯವಾಗಿ ಇಂಡಕ್ಷನ್ ಎಂದು ಕರೆಯುವುದು ಇಂಥದ್ದನ್ನೇ.

ಆದರೆ ಗೀಸರ್ ಹಾಕಿದಾಗ ಬೆಳಕು ಪ್ರಖರವಾಗುತ್ತದೆ ಎಂದು ಬರೆದಿದ್ದೀರಿ. ಆ ಒಂದು ಸಾಲು ನನ್ನನ್ನು ಆತಂಕಕ್ಕೆ ಒಳಪಡಿಸಿದೆ. ಅಲ್ಲಿ ಇನ್ನೊಂದು ಮೂಲ ಇರುವಂತೆ ತೋರುತ್ತದೆ. ಇವೆರಡನ್ನೂ ಬೇರ್ಪಡಿಸಲು ಬರೀ ಮಲ್ಟಿಮೀಟರ್ ಸಾಲದು. ಡಿಜಿಟಲ್ ಮಲ್ಟಿಮೀಟರಿನ ಒಳ ಪ್ರತಿರೋಧ ಸಾಮಾನ್ಯವಾಗಿ 1 ಕೋಟಿ ಓಮ್, ಅಂದರೆ ಅದು ಮೂಲದಿಂದ ಕರೆಂಟನ್ನು ಎಳೆಯುವುದೇ ಇಲ್ಲ ಎನ್ನಬಹುದು. ಎಲ್ಲಿಗೂ ಸೇರದ ಒಂದು ವೈರು ಫೇಸ್ ವೈರಿನ ಪಕ್ಕದಲ್ಲಿ ಒಂದೇ ಪೈಪಿನೊಳಗೆ ಹಾದುಹೋಗಿದ್ದರೂ ಈ ಮೀಟರು ಅದರಲ್ಲಿ ಹತ್ತಾರು ವೋಲ್ಟ್ ತೋರಿಸುತ್ತದೆ. ಆದ್ದರಿಂದ ಮೂಲದ ಮೇಲೆ ಸ್ವಲ್ಪ ಭಾರ ಹೇರಿ ನೋಡಬೇಕು. ಕ್ಯಾಬಿನೆಟ್ ಮತ್ತು ನ್ಯೂಟ್ರಲ್ ನಡುವೆ 10,000 ಓಮ್‌ನ, 10 ವ್ಯಾಟಿನ ಒಂದು ಪ್ರತಿರೋಧವನ್ನು ಜೋಡಿಸಿ, ಅದರ ಎರಡು ತುದಿಗಳ ನಡುವಿನ ವೋಲ್ಟೇಜನ್ನು ಅಳೆಯಿರಿ. ಅದನ್ನು 10,000ದಿಂದ ಭಾಗಿಸಿದರೆ ಕರೆಂಟು ಸಿಗುತ್ತದೆ. 10 ವೋಲ್ಟಿಗೆ 1 ಮಿಲಿಆಂಪಿಯರ್ ಎಂದು ಸುಲಭವಾಗಿ ನೆನಪಿಟ್ಟುಕೊಳ್ಳಬಹುದು. ಬರೀ ಕೆಪಾಸಿಟರಿನಿಂದ ಬಂದ ವೋಲ್ಟೇಜಾಗಿದ್ದರೆ ಅದು ಒಂದೆರಡು ವೋಲ್ಟಿಗೆ ಕುಸಿಯುತ್ತದೆ. ಕುಸಿಯದೆ ನಿಂತರೆ ಅದು ನಿಜವಾದ ಲೀಕೇಜು.

ಈ ಪರೀಕ್ಷೆಯನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಜೊತೆಗಿದ್ದರೆ ಮಾತ್ರ ಮಾಡಿ. ನ್ಯೂಟ್ರಲ್ ಯಾವುದು ಎಂದು ಟೆಸ್ಟರಿನಿಂದ ಎರಡು ಬಾರಿ ನೋಡಿ, ಏಕೆಂದರೆ ತಪ್ಪಿ ಫೇಸಿಗೆ ಜೋಡಿಸಿದರೆ ಪ್ರತಿರೋಧದ ಮೂಲಕ 23 ಮಿಲಿಆಂಪಿಯರ್ ವರೆಗಿನ ಕರೆಂಟನ್ನು ನೀವೇ ಕವಚಕ್ಕೆ ಕೊಟ್ಟಂತಾಗುತ್ತದೆ. ಎಂಸಿಬಿ ಇಳಿಸಿ ಎಲ್ಲ ಕ್ಲಿಪ್ಪುಗಳನ್ನು ಮೊದಲೇ ಸಿಕ್ಕಿಸಿ, ಆಮೇಲೆ ಕರೆಂಟು ಕೊಟ್ಟು ಮೀಟರನ್ನು ಬರೀ ಕಣ್ಣಿನಿಂದ ಓದಿ, ಮತ್ತೆ ಇಳಿಸಿಯೇ ಬಿಚ್ಚಿ. ಮೀಟರಿನ ಕೆಂಪು ವೈರು 10 ಆಂಪಿಯರಿನ ರಂಧ್ರದಲ್ಲಿ ಉಳಿದಿಲ್ಲ ಎಂಬುದನ್ನು ದಯವಿಟ್ಟು ನೋಡಿಕೊಳ್ಳಿ. ಹಿಂದಿನ ಬಾರಿ ಕರೆಂಟು ಅಳೆದು ಅಲ್ಲಿಯೇ ಬಿಟ್ಟ ವೈರಿನಿಂದ ಫೇಸ್ ಮತ್ತು ನ್ಯೂಟ್ರಲ್ ಮುಟ್ಟಿದರೆ ಅದು ನೇರ ಶಾರ್ಟ್ ಸರ್ಕ್ಯೂಟ್. ನನ್ನ ಕಣ್ಣೆದುರೇ ಒಮ್ಮೆ ಹಾಗಾಗಿ, ಮೀಟರಿನ ಮೊನೆ ಕರಗಿ ತಾಮ್ರದ ಹನಿಗಳು ಪ್ಲಗ್ ಪಾಯಿಂಟಿನ ಬಿಳಿ ಮುಖದ ಮೇಲೆ ಅಂಟಿಕೊಂಡಿದ್ದವು.

ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಅರ್ತ್ ಪರೀಕ್ಷಿಸಲು ಹೋಲ್ಡರಿಗೆ ಬಲ್ಬು ಹಾಕಿ ಫೇಸಿಗೂ ಅರ್ತಿಗೂ ಜೋಡಿಸುವ ಹಳೆಯ ರೂಢಿಯನ್ನು ನಿಮ್ಮ ಮನೆಯಲ್ಲಿ ಅನುಸರಿಸಬೇಡಿ. ಅರ್ತ್ ಚೆನ್ನಾಗಿದ್ದರೆ 15 ವ್ಯಾಟಿನ ಬಲ್ಬಿಗೂ 65 ಮಿಲಿಆಂಪಿಯರ್ ಹರಿದು ಆರ್‌ಸಿಸಿಬಿ ಟ್ರಿಪ್ ಆಗುತ್ತದೆ, ಅದರಿಂದ ಹಾನಿಯೇನಿಲ್ಲ. ಆದರೆ ಅರ್ತ್ ತುಂಡಾಗಿದ್ದರೆ ಬಲ್ಬು ಉರಿಯುವುದಿಲ್ಲ, ಬದಲಿಗೆ ಅದರ ತಂತಿಯ ಮೂಲಕ ಫೇಸ್ ಹಾದು ಆ ಅರ್ತ್ ವೈರಿಗೆ ಸೇರಿದ ಪ್ರತಿಯೊಂದು ಲೋಹದ ಕವಚಕ್ಕೂ ತಲುಪುತ್ತದೆ. ತಣ್ಣಗಿರುವ ಬಲ್ಬಿನ ತಂತಿಯ ಪ್ರತಿರೋಧ ಕೆಲವು ನೂರು ಓಮ್ ಮಾತ್ರ. ಪರೀಕ್ಷೆ ಮಾಡುವವರು ಉರಿಯದ ಬಲ್ಬನ್ನು ನೋಡುತ್ತಾ ನಿಂತಿರುವಾಗ ಪಕ್ಕದ ಕೋಣೆಯಲ್ಲಿ ಇನ್ನೊಬ್ಬರು ಫ್ರಿಜ್ಜಿನ ಬಾಗಿಲಿಗೆ ಕೈ ಹಾಕಿರಬಹುದು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಗೀಸರಿನ ಎಂಸಿಬಿಯನ್ನು ಅಂದೇ ಇಳಿಸಿದೆ. ನಿನ್ನೆ ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ, ಅವರ ಕೈಯಿಂದಲೇ ಎಲ್ಲ ಜೋಡಣೆಗಳನ್ನೂ ಮಾಡಿಸಿ, ಮನೆಯವರನ್ನೆಲ್ಲ ಹೊರಗೆ ಕೂರಿಸಿ ಪರೀಕ್ಷೆ ಮಾಡಿದೆವು. ಎಲ್ಲ ಅಳತೆಗಳೂ ಕಂಪ್ಯೂಟರ್ ಕ್ಯಾಬಿನೆಟ್ ಮತ್ತು ನ್ಯೂಟ್ರಲ್ ನಡುವಿನವು. ನಮ್ಮ ಗೀಸರಿಗಿರುವುದು ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಸ್ವಿಚ್ ಎಂದು ಅವರು ತಿಳಿಸಿದರು.

ಗೀಸರಿನ ಸ್ವಿಚ್ ಆಫ್ ಆಗಿರುವಾಗ ಬರೀ ಮೀಟರಿನಲ್ಲಿ 112 ವೋಲ್ಟ್ ಇತ್ತು, 10,000 ಓಮ್ ಜೋಡಿಸಿದ ಕೂಡಲೇ ಅದು ಒಂದೂವರೆ ವೋಲ್ಟಿಗೆ ಇಳಿಯಿತು. ಗೀಸರ್ ಹಾಕಿ ಕೆಂಪು ದೀಪ ಉರಿಯುತ್ತಿರುವಾಗ ಬರೀ ಮೀಟರಿನಲ್ಲಿ 184 ವೋಲ್ಟ್, ಪ್ರತಿರೋಧ ಜೋಡಿಸಿದ ಮೇಲೆಯೂ 76 ವೋಲ್ಟ್ ಬಂತು. ನಾವು ಆ ಅಂಕಿಯನ್ನು ನೋಡಿ ಒಂದು ಕ್ಷಣ ಮಾತಾಡಲಿಲ್ಲ. ಕೆಂಪು ದೀಪ ಆರಿದ ಮೇಲೆ, ಗೀಸರಿನ ಸ್ವಿಚ್ ಆನ್ ಇದ್ದಂತೆಯೇ, ಬರೀ ಮೀಟರಿನಲ್ಲೂ ಕೇವಲ 2 ವೋಲ್ಟ್. ಈ ಮೂರನೆಯದೇ ನನಗೆ ಹೆಚ್ಚು ಒಗಟಾಗಿದೆ. ಗೀಸರ್ ಪೂರ್ತಿ ಆಫ್ ಇದ್ದಾಗ 112 ವೋಲ್ಟ್ ಇರುವ ಕಡೆ, ಅದು ಆನ್ ಆಗಿ ನೀರು ಕಾದ ಬಳಿಕ 2 ವೋಲ್ಟ್ ಮಾತ್ರ ಬರುವುದು ಹೇಗೆ?

ಉತ್ತರ 2 ಬರೆದವರಿಂದ

ನಿಮ್ಮ ಅಳತೆಗಳು ಒಂದಕ್ಕೊಂದು ಬಹಳ ಚೆನ್ನಾಗಿ ಹೊಂದಿಕೊಳ್ಳುತ್ತವೆ. ನಿಮ್ಮ ಮನೆಯಲ್ಲಿ ಒಂದರ ಮೇಲೊಂದು ಎರಡು ದೋಷಗಳಿವೆ.

ಮೊದಲನೆಯದು, ಗೀಸರ್ ಮತ್ತು ಕಂಪ್ಯೂಟರಿನ ಅರ್ತ್ ವೈರುಗಳು ಎಲ್ಲೋ ಪರಸ್ಪರ ಸೇರಿವೆ, ಆದರೆ ಸೇರಿದ ಜಾಗದಿಂದ ಮುಂದೆ ಭೂಮಿಗೆ ಹೋಗುವ ದಾರಿ ತುಂಡಾಗಿದೆ. ಹಾಗಾಗಿಯೇ ಗೀಸರಿನಲ್ಲಿ ಹುಟ್ಟಿದ ದೋಷ ಇನ್ನೊಂದು ಕೋಣೆಯ ಕಂಪ್ಯೂಟರಿನ ಮೈಮೇಲೆ ಕಾಣಿಸಿಕೊಂಡಿದೆ. ಭೂಮಿಗೆ ಸೇರದ ಅರ್ತ್ ವೈರು ಅರ್ತ್ ಇಲ್ಲದಿರುವುದಕ್ಕಿಂತಲೂ ಕೆಟ್ಟದ್ದು ಎಂದು ಹೇಳುವುದು ಇದಕ್ಕೇ. ಒಂದು ಉಪಕರಣದ ಅಪಾಯವನ್ನು ಅದು ಮನೆಯ ಎಲ್ಲ ಉಪಕರಣಗಳಿಗೂ ಹಂಚುತ್ತದೆ.

ಎರಡನೆಯದು, ಗೀಸರಿನಲ್ಲಿ ನೀರು ಕಾಯಿಸುವ ಕಾಯಿಲಿನಿಂದ ಕರೆಂಟು ಸೋರುತ್ತಿದೆ. 76 ವೋಲ್ಟ್ ಎಂದರೆ ಪ್ರತಿರೋಧದ ಮೂಲಕ 7.6 ಮಿಲಿಆಂಪಿಯರ್ ಹರಿದಿದೆ. ವೋಲ್ಟೇಜು 184ರಿಂದ 76ಕ್ಕೆ, ಅಂದರೆ 108 ವೋಲ್ಟ್ ಇಳಿದಿದೆ. 108 ವೋಲ್ಟನ್ನು 7.6 ಮಿಲಿಆಂಪಿಯರಿನಿಂದ ಭಾಗಿಸಿದರೆ ಸೋರಿಕೆಯ ಹಾದಿಯ ಪ್ರತಿರೋಧ ಸುಮಾರು 14,000 ಓಮ್ ಎಂದು ಸಿಗುತ್ತದೆ. ಗಟ್ಟಿಯಾದ ಅರ್ತಿಗೆ ಜೋಡಿಸಿದರೆ ಅಲ್ಲಿಂದ ಸುಮಾರು 13 ಮಿಲಿಆಂಪಿಯರ್ ಹರಿಯುತ್ತದೆ. ನೆನೆದ ಬರಿಗಾಲಿನಲ್ಲಿ ನಿಂತವರ ದೇಹದ ಪ್ರತಿರೋಧ ಸಾವಿರ ಓಮ್‌ನ ಆಸುಪಾಸಿಗೆ ಇಳಿಯಬಹುದಾದ್ದರಿಂದ, ಆ ವ್ಯಕ್ತಿಯ ಮೂಲಕವೂ ಹೆಚ್ಚುಕಡಿಮೆ ಅಷ್ಟೇ ಹರಿಯುತ್ತದೆ. ಅರ್ಧ ಮಿಲಿಆಂಪಿಯರಿಗೆ ಜುಮ್ಮೆನ್ನುತ್ತದೆ, 10ರ ಆಸುಪಾಸಿನಲ್ಲಿ ಸ್ನಾಯುಗಳು ಬಿಗಿದು ಹಿಡಿದದ್ದನ್ನು ಬಿಡಲಾಗದ ಸ್ಥಿತಿ ಬರುತ್ತದೆ. ಇದುವರೆಗೆ ನಿಮಗೆ ಜುಮ್ಮೆಂದಷ್ಟೇ ಅನಿಸಿದ್ದು ಒಣ ನೆಲದ ಕಾರಣದಿಂದ, ನಲ್ಲಿಯ ಹತ್ತಿರ ಪ್ಲಾಸ್ಟಿಕ್ ಪೈಪಿನೊಳಗಿನ ನೀರಿನ ಕಂಬವೇ ಪ್ರತಿರೋಧವಾಗಿ ನಿಂತ ಕಾರಣದಿಂದ ಇರಬೇಕು.

ಈಗ ನಿಮ್ಮ ಒಗಟಿಗೆ ಬರುತ್ತೇನೆ. ನೀರು ಕಾದಾಗ ಥರ್ಮೋಸ್ಟಾಟ್ ಫೇಸನ್ನು ಮಾತ್ರ ಕಡಿಯುತ್ತದೆ, ಕಾಯಿಲಿನ ಇನ್ನೊಂದು ತುದಿ ನ್ಯೂಟ್ರಲಿಗೆ ಸೇರಿಯೇ ಇರುತ್ತದೆ. ಆಗ ಅದೇ 14,000 ಓಮ್‌ನ ಸೋರಿಕೆಯ ಹಾದಿ ನಿಮ್ಮ ತೇಲುತ್ತಿರುವ ಅರ್ತ್ ವೈರನ್ನು ನ್ಯೂಟ್ರಲಿಗೆ ಕಟ್ಟಿಹಾಕುತ್ತದೆ. ಕಂಪ್ಯೂಟರಿನ ಕೆಪಾಸಿಟರುಗಳಿಂದ ಬರುವ 0.16 ಮಿಲಿಆಂಪಿಯರ್ ಆ ಹಾದಿಯಲ್ಲಿ ಹರಿದು ಬರೀ 2 ವೋಲ್ಟ್ ಉಂಟುಮಾಡುತ್ತದೆ, ಟೆಸ್ಟರ್ ಆರುತ್ತದೆ. ಸ್ವಿಚ್ ಆಫ್ ಮಾಡಿದರೆ ಎರಡೂ ತುದಿಗಳು ಬಿಟ್ಟುಹೋಗಿ, ಕಟ್ಟು ಬಿಚ್ಚಿ, ಮತ್ತೆ 112 ವೋಲ್ಟಿಗೆ ಏರುತ್ತದೆ. ಅಂದರೆ ಟೆಸ್ಟರ್ ಆರಿಹೋದ ಆ ಮೂರನೆಯ ಸ್ಥಿತಿಯಲ್ಲಿಯೂ ದೋಷ ಹಾಗೆಯೇ ಇತ್ತು.

ಉತ್ತರ 3

ಇಷ್ಟು ಎಚ್ಚರಿಕೆಯಿಂದ ಅಳೆದು ಬರೆದದ್ದಕ್ಕೆ ಅಭಿನಂದನೆಗಳು. ನಾನು ಬರೆಯಬೇಕೆಂದಿರುವುದು ದುರಸ್ತಿಯ ಕ್ರಮದ ಬಗ್ಗೆ. ಸಾಮಾನ್ಯವಾಗಿ ಇಂತಹ ಮನೆಗಳಲ್ಲಿ ತುಂಡಾದ ಅರ್ತನ್ನು ಹುಡುಕಿ ಜೋಡಿಸುತ್ತಾರೆ, ಟೆಸ್ಟರ್ ಇಟ್ಟು ನೋಡುತ್ತಾರೆ, ಅದು ಉರಿಯುವುದಿಲ್ಲ, ಕೆಲಸ ಮುಗಿಯಿತೆಂದು ಹೊರಟುಹೋಗುತ್ತಾರೆ. ನಿಮ್ಮ ಮನೆಯಲ್ಲಿ ಹಾಗಾಗಲು ಬಿಡಬೇಡಿ. ಅರ್ತ್ ಜೋಡಿಸಿದ ಮೇಲೆ ಕವಚದ ವೋಲ್ಟೇಜು ಸೊನ್ನೆಯ ಹತ್ತಿರ ಬಂದು ಟೆಸ್ಟರ್ ಆರುವುದು ನಿಶ್ಚಿತ, ಆದರೆ ಕಾಯಿಲಿನ ಸೋರಿಕೆ ಆಗ ನಿಲ್ಲುವುದಿಲ್ಲ. ಅದುವರೆಗೆ ದಾರಿಯಿಲ್ಲದೆ ನಿಂತಿದ್ದ ಕರೆಂಟು ಆಗಲೇ ಹರಿಯಲು ಶುರುವಾಗುತ್ತದೆ.

ಆರ್‌ಸಿಸಿಬಿ ಅದನ್ನು ಹಿಡಿಯುತ್ತದೆ ಎಂದೂ ನಂಬಬೇಡಿ. 30 ಮಿಲಿಆಂಪಿಯರ್ ಎಂದು ಬರೆದಿರುವ ಸಾಧನವು 30ಕ್ಕೆ ಟ್ರಿಪ್ ಆಗಲೇಬೇಕು, ಆದರೆ ಅದರ ಅರ್ಧ, ಅಂದರೆ 15ರವರೆಗೆ ಟ್ರಿಪ್ ಆಗಬಾರದು ಎಂಬುದೂ ಅದರ ನಿಯಮ. ನಿಮ್ಮ 13 ಮಿಲಿಆಂಪಿಯರ್ ಆ ಮಿತಿಯೊಳಗೇ ಇದೆ. ಹೀಗಾಗಿ ಆ ಸೋರಿಕೆ ಯಾವ ಸದ್ದೂ ಇಲ್ಲದೆ ತಿಂಗಳುಗಟ್ಟಲೆ ಹಾಗೆಯೇ ಮುಂದುವರಿಯಬಹುದು. ಅರ್ತ್ ಮತ್ತೆ ಎಂದಾದರೂ ಸಡಿಲವಾದ ದಿನ ನೀವು ಹಿಂದಿನ ಸ್ಥಿತಿಗೇ ಬಂದು ನಿಲ್ಲುತ್ತೀರಿ.

ಆದ್ದರಿಂದ ಅರ್ತ್ ಸರಿಪಡಿಸಿದ ಮೇಲೆ ಲೀಕೇಜ್ ಕ್ಲಾಂಪ್ ಮೀಟರಿನಿಂದ ಕರೆಂಟನ್ನೇ ಅಳೆಸಿ. ಗೀಸರಿಗೆ ಹೋಗುವ ಫೇಸ್ ಮತ್ತು ನ್ಯೂಟ್ರಲ್ ವೈರುಗಳೆರಡನ್ನೂ ಒಟ್ಟಿಗೆ ಕ್ಲಾಂಪಿನ ಬಾಯೊಳಗೆ ಸೇರಿಸಬೇಕು, ಅರ್ತ್ ವೈರು ಹೊರಗಿರಬೇಕು. ಹೋದ ಕರೆಂಟೂ ಮರಳಿದ ಕರೆಂಟೂ ಸಮವಾಗಿದ್ದರೆ ಮೀಟರು ಸೊನ್ನೆ ತೋರಿಸುತ್ತದೆ, ವ್ಯತ್ಯಾಸವಿದ್ದರೆ ಆ ವ್ಯತ್ಯಾಸವೇ ಸೋರಿಕೆ. ಮೋಟಾರಿನ ಕರೆಂಟು ಅಳೆಯುವ ಸಾಮಾನ್ಯ ಕ್ಲಾಂಪ್ ಮೀಟರು ಇದಕ್ಕೆ ಸಾಲದು, ಏಕೆಂದರೆ ಕೆಲವೇ ಮಿಲಿಆಂಪಿಯರುಗಳು ಅದರ ಕಣ್ಣಿಗೆ ಬೀಳುವುದಿಲ್ಲ. ಅರ್ತ್ ಜೋಡಿಸುವ ಮೊದಲೇ ಈ ಅಳತೆ ಮಾಡಿದರೆ ಸೊನ್ನೆಯೇ ಬರುತ್ತದೆ ಎಂಬುದನ್ನೂ ನೆನಪಿಡಿ, ಹೊರಹೋಗುವ ದಾರಿಯೇ ಇಲ್ಲದಿರುವಾಗ ಸೋರಿಕೆ ಹರಿಯುವುದಾದರೂ ಎಲ್ಲಿಗೆ?

ಕಾಯಿಲನ್ನು ಕಳಚುವ ಮೊದಲು ಎಂಸಿಬಿ ಇಳಿಸಿ, ಅದರ ಎರಡೂ ವೈರುಗಳನ್ನು ಬಿಡಿಸಿ, ಕಾಯಿಲಿನ ತುದಿಗೂ ಟ್ಯಾಂಕಿನ ಮೈಗೂ ನಡುವೆ ಇನ್ಸುಲೇಷನ್ ಪರೀಕ್ಷೆ ಮಾಡಿಸಿ. ಇದನ್ನು 500 ವೋಲ್ಟ್ ಡಿಸಿ ಕೊಡುವ ಮೆಗ್ಗರಿನಿಂದ ಮಾಡುತ್ತಾರೆ, ಕನಿಷ್ಠ 10 ಲಕ್ಷ ಓಮ್ ಬರಬೇಕೆಂಬುದು ವೈರಿಂಗಿಗೆ ಇಟ್ಟುಕೊಂಡಿರುವ ಅಳತೆಗೋಲು. ಮಲ್ಟಿಮೀಟರಿನ ಓಮ್ ವಿಭಾಗ ಕೆಲವೇ ವೋಲ್ಟಿನಲ್ಲಿ ಪರೀಕ್ಷಿಸುವುದರಿಂದ ಅದರಲ್ಲಿ ಚೆನ್ನಾಗಿ ಕಂಡ ಇನ್ಸುಲೇಷನ್ 230 ವೋಲ್ಟಿನಲ್ಲಿ ಸೋಲಬಹುದು. ಆದರೆ ಮಲ್ಟಿಮೀಟರಿನಲ್ಲೇ ಕೆಟ್ಟದ್ದು ಎಂದು ಬಂದರೆ ಅದು ಕೆಟ್ಟದ್ದೇ, ಮತ್ತೆ ಮೆಗ್ಗರ್ ಬೇಕಾಗಿಲ್ಲ.

ಪ್ರಶ್ನೆ ಕೇಳಿದವರಿಂದ

ಕೆಲಸ ಮುಗಿಯಿತು, ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ.

ಅರ್ತ್ ತುಂಡಾಗಿದ್ದ ಜಾಗ ಸಿಗಲು ಎರಡು ಗಂಟೆ ಹಿಡಿಯಿತು. ಗೀಸರ್ ಮತ್ತು ಕಂಪ್ಯೂಟರ್ ಕೋಣೆಯ ಹಸಿರು ಬಣ್ಣದ ಅರ್ತ್ ವೈರುಗಳು ಒಂದೇ ಜಂಕ್ಷನ್ ಬಾಕ್ಸಿನಲ್ಲಿ ಸೇರಿ, ಅಲ್ಲಿಂದ ಒಂದೇ ವೈರಾಗಿ ಮೀಟರ್ ಬೋರ್ಡಿಗೆ ಹೋಗುತ್ತಿದ್ದವು. ಮುಚ್ಚಳ ತೆಗೆದು ನೋಡಿದಾಗ ಮೂರು ವೈರುಗಳೂ ಕನೆಕ್ಟರಿನೊಳಗೆ ಗಟ್ಟಿಯಾಗಿಯೇ ಕೂತಿದ್ದವು, ಎಳೆದರೂ ಬರಲಿಲ್ಲ. ಎಲೆಕ್ಟ್ರಿಷಿಯನ್ ಟಾರ್ಚ್ ಹಿಡಿದು ಹತ್ತಿರದಿಂದ ತೋರಿಸಿದರು: ಬೋರ್ಡಿಗೆ ಹೋಗುವ ವೈರಿನ ಸಿಪ್ಪೆಯನ್ನು ಸಾಕಷ್ಟು ಸುಲಿದಿರಲಿಲ್ಲ, ಸ್ಕ್ರೂ ತಾಮ್ರದ ಬದಲು ಹಸಿರು ಪ್ಲಾಸ್ಟಿಕ್ಕನ್ನೇ ಕಚ್ಚಿ ಹಿಡಿದಿತ್ತು. ಇಷ್ಟು ವರ್ಷ ತಾಮ್ರದ ಒಂದೆರಡು ಎಳೆಗಳು ಅಂಚಿಗೆ ತಾಗಿಕೊಂಡಿದ್ದಿರಬೇಕು, ಈಚೆಗೆ ಅವೂ ಕಪ್ಪಾಗಿ ಬಿಟ್ಟುಹೋಗಿದ್ದವು. ಅದನ್ನು ಸುಲಿದು ಮತ್ತೆ ಜೋಡಿಸಿದ ಮೇಲೆ ಅರ್ತ್ ಮತ್ತು ನ್ಯೂಟ್ರಲ್ ನಡುವೆ ಒಂದು ವೋಲ್ಟಿನಷ್ಟು ಮಾತ್ರ ಉಳಿಯಿತು, ಅರ್ತ್ ದಾರಿಯ ಪ್ರತಿರೋಧ ಅಳೆಯುವ ಲೂಪ್ ಟೆಸ್ಟರಿನಿಂದ ಅವರು ಆ ದಾರಿಯನ್ನೂ ಖಚಿತಪಡಿಸಿಕೊಂಡರು.

ಆಗ ಗೀಸರ್ ಹಾಕಿ ಟೆಸ್ಟರ್ ಇಟ್ಟು ನೋಡಿದೆವು. ಟ್ಯಾಂಕಿನ ಮೇಲೆ, ನಲ್ಲಿಯ ಮೇಲೆ, ಕಂಪ್ಯೂಟರಿನ ಮೇಲೆ ಎಲ್ಲಿಯೂ ಉರಿಯಲಿಲ್ಲ. ಉತ್ತರ 3ರ ಮಾತು ನೆನಪಿಲ್ಲದಿದ್ದರೆ ನಾನು ಅಲ್ಲಿಗೇ ಸಮಾಧಾನಪಟ್ಟು ಅವರನ್ನು ಕಳುಹಿಸಿಬಿಡುತ್ತಿದ್ದೆ. ಲೀಕೇಜ್ ಕ್ಲಾಂಪ್ ಹಾಕಿಸಿದಾಗ ಅದು 12.8 ಮಿಲಿಆಂಪಿಯರ್ ತೋರಿಸಿತು. ಆರ್‌ಸಿಸಿಬಿ ಅಲುಗಾಡಲಿಲ್ಲ.

ಕಾಯಿಲ್ ಬಿಚ್ಚಿ ಹೊರತೆಗೆದಾಗ ಅದರ ಮೇಲೆ ಬೆರಳಿನ ದಪ್ಪಕ್ಕೆ ಸುಣ್ಣದಂತಹ ಬಿಳಿ ಹಕ್ಕಳೆ ಕಟ್ಟಿತ್ತು. ಅದನ್ನು ಮೆಲ್ಲಗೆ ಕೆರೆದು ನೋಡಿದರೆ ಒಂದು ಕಡೆ ಕಂದು ಬಣ್ಣದ ಕಲೆ, ಅದರ ನಡುವೆ ಸೂಜಿ ಚುಚ್ಚಿದಷ್ಟು ಸಣ್ಣ ತೂತು. ಲೋಹದ ಕೊಳವೆಯೊಳಗೆ ತಂತಿಯ ಸುತ್ತ ತುಂಬಿರುವ ಮೆಗ್ನೀಷಿಯಂ ಆಕ್ಸೈಡ್ ಪುಡಿಗೆ ಅಲ್ಲಿಂದ ನೀರು ಇಳಿದಿದೆ ಎಂದು ಅವರು ವಿವರಿಸಿದರು. ನನಗೆ ಅಚ್ಚರಿಯಾದದ್ದು ಆ ತೂತು ಇದ್ದ ಸ್ಥಳ. 184 ವೋಲ್ಟ್ ಎಂದರೆ 230ರ ಐದನೇ ನಾಲ್ಕು ಭಾಗ. ಫೇಸ್ ತುದಿಯಿಂದ ನ್ಯೂಟ್ರಲ್ ತುದಿಯವರೆಗೆ ವೋಲ್ಟೇಜು ಕಾಯಿಲಿನ ಉದ್ದಕ್ಕೂ ಸಮನಾಗಿ ಇಳಿಯುವುದಾದರೆ, ಸೋರಿಕೆ ಫೇಸ್ ತುದಿಯಿಂದ ಐದನೇ ಒಂದು ಭಾಗದಷ್ಟು ದೂರದಲ್ಲಿ ಇರಬೇಕು. ದಾರವನ್ನು ಕಾಯಿಲಿನ ಬಾಗುಗಳ ಉದ್ದಕ್ಕೂ ಇಟ್ಟು ಅಳೆದು ನೋಡಿದೆ. ತೂತು ಬಹುತೇಕ ಅಲ್ಲಿಯೇ ಇತ್ತು.

ಹೊಸ ಕಾಯಿಲ್ ಹಾಕಿ ಟ್ಯಾಂಕ್ ತುಂಬಿಸಿದ ಬಳಿಕ ಮೆಗ್ಗರ್ ತನ್ನ ಗರಿಷ್ಠ ಅಳತೆಯನ್ನೂ ಮೀರಿದೆ ಎಂದು ತೋರಿಸಿತು. ಕ್ಲಾಂಪ್ ಮೀಟರಿನಲ್ಲಿ ಗೀಸರ್ ಕಾಯುತ್ತಿರುವಾಗ 0.2 ಮಿಲಿಆಂಪಿಯರ್ ಇದೆ. ಮನೆಯ ಉಳಿದ ಜಂಕ್ಷನ್ ಬಾಕ್ಸುಗಳ ಹಸಿರು ವೈರುಗಳನ್ನು ಬರುವ ಭಾನುವಾರ ಒಂದೊಂದಾಗಿ ಬಿಚ್ಚಿಸಿ ನೋಡಲಿದ್ದೇವೆ.